ಕಾದಂಬರಿ ಬಿಚ್ಚಿ ಕಂತು ಮಾಡಿದೆ: ಡೊಂಬಿವಲಿಯಲ್ಲಿ ನನ್ನ ಅನುಭವ

ನಮ್ಮ ಚಿಕ್ಕ ಲೈಬ್ರರಿಯಲ್ಲಿ ಈಗ ಕನ್ನಡ ಕಾದಂಬರಿಗೆ ಸರದಿ ಹಚ್ಚುತ್ತಾರೆ. ಅದೂ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. "ಇಲ್ಲಿ ಕನ್ನಡ ಯಾರು ಓದ್ತಾರೆ ಮಾರಾಯ್ರೇ, ಕಪಾಟು ರದ್ದಿಗೆ ಹಾಕಿ" ಅಂದವರೇ ಈಗ ಫೋನ್ ಮಾಡಿ "ಮೂರನೇ ಕಂತು ವಾಪಸ್ ಬಂತಾ" ಅಂತ ಕೇಳುತ್ತಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಮಾಡುವುದು ಇಷ್ಟೇ. ದಪ್ಪ ಕಾದಂಬರಿಯ ಬೈಂಡಿಂಗ್ ಬಿಚ್ಚುತ್ತೇನೆ. ನಲವತ್ತು, ಐವತ್ತು ಪುಟದ ಕಂತು ಮಾಡಿ ಬೇರೆ ಬೇರೆ ಹೊಲಿಯುತ್ತೇನೆ. ಒಂದು ಕಂತು ವಾಪಸ್ ಕೊಟ್ಟರೆ ಮಾತ್ರ ಮುಂದಿನದು ಸಿಗುತ್ತದೆ. 1965ರಲ್ಲಿ ಸುಧಾ ಶುರುವಾಯಿತು, 1983ರಲ್ಲಿ ತರಂಗ ಬಂತು. ವಾರವಾರ ಧಾರಾವಾಹಿಯ ಹಾಳೆ ಕಿತ್ತು, ಹೊಲಿದು, ಪುಸ್ತಕ ಮಾಡಿಟ್ಟುಕೊಂಡ ಹೆಂಗಸರು ನಮ್ಮೆಲ್ಲರ ಮನೆಯಲ್ಲೂ ಇದ್ದರು ಅಲ್ವಾ? ನಾನು ಅದನ್ನೇ ಉಲ್ಟಾ ಮಾಡಿದೆ.

ಕಾರಣ ಲೋಕಲ್ ರೈಲು. ಇಲ್ಲಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್‌ಗೆ ಫಾಸ್ಟ್ ಲೋಕಲ್ ಹಿಡಿದರೂ ಒಂದು ಗಂಟೆಯ ಮೇಲೆ ಆಗುತ್ತದೆ. ಒಂದು ಕೈ ಮೇಲಿನ ಹಿಡಿಯಲ್ಲಿ ಇರುತ್ತದೆ. ಇನ್ನೊಂದು ಕೈಯಲ್ಲಿ ನಾನೂರು ಪುಟದ ಪುಸ್ತಕ ಹಿಡಿದು ನಿಲ್ಲಲು ಆಗುವುದಿಲ್ಲ. ತೆಳ್ಳನೆಯ ಕಂತು ಮಡಚಿ ಹಿಡಿಯಬಹುದು. ಹೋಗುವಾಗ ಅರ್ಧ, ಬರುವಾಗ ಅರ್ಧ. ಲೇಡೀಸ್ ಡಬ್ಬಿಯಲ್ಲಿ ಒಬ್ಬರ ಕೈಯಲ್ಲಿ ನೋಡಿ ಪಕ್ಕದವರು ಕೇಳಿದರು. ನಮಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಆಗಿಲ್ಲ.

ಪುಸ್ತಕ ಹರಿಯುವುದು ಪಾಪ ಅಂತ ಹಿರಿಯರೊಬ್ಬರು ಬಹಳ ಬೇಜಾರು ಮಾಡಿಕೊಂಡರು. ನಾನು ಬಿಚ್ಚುವುದು ಬೆನ್ನು ಮುರಿದ ಹಳೇ ಪ್ರತಿಗಳನ್ನು. ಮಾಟುಂಗಾ ಕಿಂಗ್ಸ್ ಸರ್ಕಲ್‌ನ ಹಳೇ ಪುಸ್ತಕದವರ ಹತ್ತಿರ ಆಗಾಗ ಸಿಗುತ್ತವೆ. ಊರಿಗೆ ಹೋದವರ ಕೈಯಲ್ಲಿ ತರಿಸುತ್ತೇನೆ. ಒಂದಕ್ಕೆ ಮೂವತ್ತರಿಂದ ಅರವತ್ತು ರೂಪಾಯಿ. ಹೆಚ್ಚು ಓಡುವ ಪುಸ್ತಕಕ್ಕೆ ಹೊಸ ಪ್ರತಿಯನ್ನೂ ದುಡ್ಡು ಕೊಟ್ಟು ತರುತ್ತೇನೆ. ಇಡೀ ಪುಸ್ತಕ ಝೆರಾಕ್ಸ್ ಮಾಡಿ ಹಂಚಬೇಡಿ. ಬರೆದವರ ಹೊಟ್ಟೆಗೆ ಹೊಡೆದ ಹಾಗೆ ಆಗುತ್ತದೆ.

ಈಗ ಕೈ ಸುಟ್ಟ ಕತೆ. ಮೊದಲ ಸಾರಿ ಮೈದಾ ಅಂಟಿನಲ್ಲಿ ಹೊದಿಕೆ ಹಚ್ಚಿದೆ. ಜುಲೈ ಬಂತು, ಬೂಸ್ಟು ಹಿಡಿಯಿತು. ಆಗಸ್ಟ್ ಹೊತ್ತಿಗೆ ಹುಳ. ಎರಡು ಸಾವಿರ ರೂಪಾಯಿಯ ಮೇಲೆ ಹೋಯಿತು. ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿದರೆ ಹುಳ ಬರುವುದಿಲ್ಲ ಅಂತ ಬೈಂಡರ್ ಒಬ್ಬರು ಹೇಳಿದರು. ಹುಳವೇನೋ ನಿಂತಿತು. ಆದರೆ ಅದು ವಿಷ, ಬೆರಳು ನೆಕ್ಕಿ ಪುಟ ತಿರುಗಿಸುವವರು ನಮ್ಮಲ್ಲಿ ಜಾಸ್ತಿ. ಬಿಟ್ಟುಬಿಟ್ಟೆ. ಈಗ ಹೊದಿಕೆಗೆ ಅಂಟೇ ಇಲ್ಲ. ದಬ್ಬಣದಲ್ಲಿ ಮೂರು ತೂತು, ಮೇಣ ಸವರಿದ ದಾರ, ಮೇಲೆ ದಪ್ಪ ಕಾಗದ. ನಾಲ್ಕು ಮಳೆಗಾಲ ಕಳೆದರೂ ಒಂದೂ ಬಿಚ್ಚಿಲ್ಲ.

ಆಮೇಲೆ ಕಳೆದುಹೋಗುವ ತೊಂದರೆ. ಐದು ಕಂತಿನಲ್ಲಿ ಮೂರನೆಯದು ಹೋದರೆ ಇಡೀ ಪುಸ್ತಕ ಹೋದ ಹಾಗೆ. ಡಿಪಾಸಿಟ್ ನೂರು ಇಟ್ಟೆ, ಆದರೂ ಹೋಯಿತು. ಇನ್ನೂರು ಮಾಡಿದೆ, ಜನ ಬರುವುದೇ ನಿಂತಿತು. ಕೊನೆಗೆ ಡಿಪಾಸಿಟ್ ಐವತ್ತಕ್ಕೆ ಇಳಿಸಿ ಬೇರೆ ಒಂದು ಉಪಾಯ ಮಾಡಿದೆ. ಅದರ ಮೇಲೆ ವರ್ಷಕ್ಕೆ ಎರಡೋ ಮೂರೋ ಕಳೆದರೆ ಹೆಚ್ಚು. ಉಪಾಯ ಏನು ಅಂತ ಹೇಳಿದರೆ ನಮ್ಮ ಓದುಗರಿಗೂ ಗೊತ್ತಾಗಿಬಿಡುತ್ತದೆ, ಬೇಡ.

ಕಂತು ಎಲ್ಲಿ ಮುರಿಯಬೇಕು ಎನ್ನುವುದೇ ನಿಜವಾದ ಕೆಲಸ. ಅಧ್ಯಾಯ ಮುಗಿದಲ್ಲಿ ಮುರಿದರೆ ಆಗುವುದಿಲ್ಲ. ಅಲ್ಲಿ ಓದುವವರ ಮನಸ್ಸೂ ಸಮಾಧಾನವಾಗಿ ಮುಗಿಯುತ್ತದೆ, ಮುಂದಿನದಕ್ಕೆ ಹದಿನೈದು ದಿನ ಬರುವುದಿಲ್ಲ. ನಾನು ಅಧ್ಯಾಯದ ಒಳಗೇ ಮುರಿಯುತ್ತೇನೆ. ಪುಟದ ಮಧ್ಯೆ ಬಂದರೆ ಆ ಒಂದು ಪುಟ ಮಾತ್ರ ಝೆರಾಕ್ಸ್ ತೆಗೆದು, ಈ ಕಂತಿನಲ್ಲಿ ಕೆಳಗಿನ ಅರ್ಧಕ್ಕೆ ಕಂದು ಕಾಗದ ಹಚ್ಚುತ್ತೇನೆ. ಜಾಗ ಹುಡುಕಲು ಪುಸ್ತಕವನ್ನು ಎರಡು ಸಲ ಓದಬೇಕು. ಎರಡನೇ ಸಲ ಏನು ನೋಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಇದರಲ್ಲಿ ನನ್ನಷ್ಟು ಪಳಗಿದವರು ಮುಂಬೈಯಲ್ಲಿ ಇನ್ನೊಬ್ಬರಿಲ್ಲ ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ.

ಎಲ್ಲ ಪುಸ್ತಕವೂ ಇದಕ್ಕೆ ಒಗ್ಗುವುದಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮೊದಲೇ ತೆಳು. ಅದನ್ನೂ ಮುರಿದು ನೋಡಿದೆ, ಜನ ಸಿಟ್ಟಾದರು. ಅವು ಕೂತಲ್ಲೇ ಮುಗಿಸುವ ಪುಸ್ತಕಗಳು. ತೇಜಸ್ವಿಯವರ ಜುಗಾರಿ ಕ್ರಾಸ್ ಚೆನ್ನಾಗಿ ಓಡಿತು. ಗಂಡಸರು, ಕಾಲೇಜು ಹುಡುಗರು ಅದಕ್ಕೇ ಬರುತ್ತಾರೆ. ತ್ರಿವೇಣಿ 1963ರಲ್ಲೇ ತೀರಿಕೊಂಡವರು, ಆದರೂ ನಮ್ಮಲ್ಲಿ ಅವರ ಪುಸ್ತಕ ಕಪಾಟಿನಲ್ಲಿ ನಿಲ್ಲುವುದಿಲ್ಲ. ಭೈರಪ್ಪನವರ ಪರ್ವ ಮುರಿಯಲು ಸುಲಭ. ಕತೆ ಒಬ್ಬೊಬ್ಬರ ನೆನಪಿನ ಮೂಲಕ ಸಾಗುತ್ತದೆ, ಆ ಲೆಕ್ಕದಲ್ಲೇ ಕಂತು ಮಾಡಿದೆ. ರಿಟೈರ್ ಆದವರು ಬಿಡದೆ ಓದಿದರು. ತರಾಸು ಅವರ ಮೂರು ಕಾದಂಬರಿ ಸೇರಿ 1972ರ ನಾಗರಹಾವು ಸಿನಿಮಾ ಆಯಿತಲ್ಲ, ಆ ಮೂರನ್ನೂ ಸಾಲಾಗಿ ಕಂತು ಮಾಡಿ ಕೊಟ್ಟೆ. ಕತೆ ಗೊತ್ತಿದೆ, ಯಾಕೆ ಓದ್ತಾರೆ ಅಂದರು. ಸಿನಿಮಾ ನೋಡಿದವರೇ ಮೊದಲು ಬಂದರು.

ಮಕ್ಕಳಿಗಾಗಿ ಒಂದು ಪ್ರಯೋಗ ನಡೆಯುತ್ತಿದೆ. ಇಲ್ಲಿನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಶಾಲೆಯಲ್ಲಿ ಕಲಿತದ್ದು ಮರಾಠಿ, ಹಿಂದಿಯ ದೇವನಾಗರಿ ಅಕ್ಷರ. ಹಾಗಾಗಿ ಮೊದಲ ಎರಡು ಪುಟವನ್ನು ದೇವನಾಗರಿ ಅಕ್ಷರದಲ್ಲಿ ಕೈಯಲ್ಲೇ ಬರೆದು ಅಂಟಿಸಿದೆ. ಮುಂದೆ ಪುಟದ ಅಂಚಿನಲ್ಲಿ ಕಷ್ಟದ ಒತ್ತಕ್ಷರ ಮಾತ್ರ. ಹತ್ತು ಹನ್ನೆರಡು ಮಕ್ಕಳು ಶುರು ಮಾಡಿದರು. ಅರ್ಧದಷ್ಟು ಮಕ್ಕಳು ಎರಡನೇ ಕಂತಿಗೆ ಬರಲಿಲ್ಲ. ಬಂದವರು ಮಾತ್ರ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಅಕ್ಷರದಲ್ಲೇ ಓದುತ್ತಿದ್ದಾರೆ. ಒಬ್ಬ ಹುಡುಗಿ ಕರ್ವಾಲೊ ಮುಗಿಸಿದಳು. ಅವತ್ತು ನನಗೆ ಆದ ಖುಷಿ ಸಣ್ಣದಲ್ಲ.

ದುಡ್ಡಿನ ಲೆಕ್ಕ: ದಾರ, ಕಾಗದ, ಝೆರಾಕ್ಸ್ ಸೇರಿ ಒಂದು ಸೆಟ್ಟಿಗೆ ಎಪ್ಪತ್ತು ಎಂಬತ್ತು ರೂಪಾಯಿ, ಪುಸ್ತಕದ ಬೆಲೆ ಬೇರೆ. ಕಂತಿಗೆ ಹತ್ತು ರೂಪಾಯಿ ಬಾಡಿಗೆ. ಐದು ಕಂತಿನ ಪುಸ್ತಕವನ್ನು ಮೂರು ಜನ ಓದಿದರೆ ಹಾಕಿದ್ದು ಬಂತು. ಮೊದಲ ವರ್ಷ ಹದಿನೈದು ಸಾವಿರದ ಹತ್ತಿರ ಕೈಯಿಂದ ಹೋಗಿತ್ತು. ಈಗ ಬಂದ ದುಡ್ಡಿನಲ್ಲೇ ಹೊಸ ಪುಸ್ತಕ ಬರುತ್ತದೆ. ಠಾಣೆಯಲ್ಲಿ ಇಬ್ಬರು ಹೀಗೇ ಶುರು ಮಾಡುತ್ತೇವೆ ಅಂದಿದ್ದಾರೆ. ಅವರಿಗೆ ಪರ್ವದ ಒಂದು ಸೆಟ್ ಹೊಲಿದು ಇಟ್ಟಿದ್ದೇನೆ.