ಓನರ್‌ಗಳನ್ನು ಬಿಟ್ಟೆ, ಡ್ರೈವರ್‌ಗಳನ್ನು ಹುಡುಕಿದೆ: ನನ್ನ 1963ರ ಹೆರಾಲ್ಡಿನ ಜಾತಕ

"ಡೂಪ್ಲಿಕೇಟ್ ಆರ್‌ಸಿ ಇರೋ ಗಾಡಿಗೆ ಜಾತಕ ಇರಲ್ಲ. ಸುಮ್ನೆ ಓಡಿಸಿಕೊಂಡು ಆರಾಮಾಗಿರಿ." 2016ರಲ್ಲಿ ನಾನು ಈ ಹಳೇ ಹೆರಾಲ್ಡ್ ಕಾರು ತಂದಾಗ ಈ ಮಾತು ಹೇಳದವರಿಲ್ಲ. ಹಳೇ ಗಾಡಿಗಳ ಜೊತೆ ನನಗಿಂತ ಇಪ್ಪತ್ತು ವರ್ಷ ಜಾಸ್ತಿ ಕಳೆದವರೂ ಇದನ್ನೇ ಹೇಳಿದರು. ಈಗ ನನ್ನ ಕಪಾಟಿನಲ್ಲಿ ಆ ಕಾರಿನ ದಪ್ಪ ಫೈಲ್ ಇದೆ. 1963ರಿಂದ ಇವತ್ತಿನವರೆಗೆ ಆರು ಓನರ್‌ಗಳು, ನಾನು ಆರನೆಯವನು. ಕಂಪನಿ ಪೇಂಟಿನ ಮೇಲೆ ಮೂರು ಸಲ ಪೇಂಟು. ಒಂದು ಆಕ್ಸಿಡೆಂಟು, ಒಂದು ಎಂಜಿನ್ ಬದಲಾವಣೆ. ನಡುವೆ ಒಂದೇ ಕಡೆ ಐದು ವರ್ಷ ಖಾಲಿ ಇದೆ.

ಗಾಡಿ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ಒಂದು ಶೆಡ್ಡಿನಿಂದ ಸುಮಾರು 1.35 ಲಕ್ಷಕ್ಕೆ ತಂದೆ. ಜೊತೆಗೆ ಸಿಕ್ಕಿದ್ದು 1999ರ ಡೂಪ್ಲಿಕೇಟ್ ಆರ್‌ಸಿ, ಅದರಲ್ಲಿ ಒಬ್ಬರೇ ಓನರ್. ಬಣ್ಣ ಬಿಳಿ ಅಂತ ಬರೆದಿತ್ತು. ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ತಿಳಿ ನೀಲಿ. ಎಂಜಿನ್ ಒರಿಜಿನಲ್ ಅಂತ ಮಾರಿದವರು ಆಣೆ ಮಾಡಿದ್ದರು, ಬ್ಲಾಕ್ ನಂಬರ್ ಆರ್‌ಸಿಗೆ ತಾಳೆಯೂ ಆಗ್ತಿತ್ತು. ಆದರೆ 1999ರಲ್ಲಿ ಬರೆದ ಆರ್‌ಸಿಗೆ ತಾಳೆ ಆದರೆ 1999ರಲ್ಲಿ ಆ ಎಂಜಿನ್ ಇತ್ತು ಅಂತಷ್ಟೇ ಅರ್ಥ, ಅಲ್ವಾ? ಅಲ್ಲಿಂದ ನನಗೆ ನಿದ್ದೆ ಬರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಗಾಡಿ ನಂಬರ್ ಎಂವೈ ಸೀರೀಸು, ಅಂದರೆ ಮೈಸೂರು ರಾಜ್ಯದ ಕಾಲದ್ದು. ಮೊದಲು ರಿಜಿಸ್ಟರ್ ಆದ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಎರಡು ಪುಟ ಬರೆದು ಕಳಿಸಿದ್ದೆ, ವಾಪಸ್ ಬಂತು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎರಡನೇ ಸಲ ಚಿಕ್ಕದಾಗಿ, ಹಿಂದಿನ ಮಾಲೀಕರ ಹೆಸರು ವಿಳಾಸ ಕೊಡಿ ಅಂತ ಕೇಳಿದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ), ಖಾಸಗಿ ಮಾಹಿತಿ, ಕೊಡಲ್ಲ ಅಂದರು. ಇದರಲ್ಲೇ ಒಂದು ವರ್ಷ ಹೋಯಿತು.

ಆಮೇಲೆ ದುಡುಕಿದೆ. ಒಬ್ಬ ಏಜೆಂಟ್ "ಹಳೇ ಬಿ ರಿಜಿಸ್ಟರ್ ಪುಟದ ಜೆರಾಕ್ಸೇ ತಂದುಕೊಡ್ತೀನಿ ಸಾರ್" ಅಂದ. ಬಿ ರಿಜಿಸ್ಟರ್ ಅಂದರೆ ಆರ್‌ಟಿಒ ಕಚೇರಿಯಲ್ಲಿ ಗಾಡಿಗಳ ವಿವರ ಬರೆದಿಡುವ ಪುಸ್ತಕ. 12 ಸಾವಿರ ಕೊಟ್ಟೆ. ಹದಿನೈದು ದಿನಕ್ಕೆ ತಂದ. ಹಳದಿ ಬಣ್ಣದ ಹಾಳೆ, ಶಾಯಿಯಲ್ಲಿ ಬರೆದ 1963ರ ಎಂಟ್ರಿ, ಮೊದಲ ಓನರ್ ಹೆಸರು, ಎಲ್ಲ ಇತ್ತು. ಎರಡು ದಿನ ಹಬ್ಬ ಮಾಡಿದೆ. ಮೂರನೇ ದಿನ ಹಾಳೆಯ ತಲೆಬರಹ ಓದಿದೆ. ಕರ್ನಾಟಕ ಸರ್ಕಾರ ಅಂತ ಅಚ್ಚಾಗಿತ್ತು. ರಾಜ್ಯಕ್ಕೆ ಆ ಹೆಸರು ಬಂದದ್ದೇ 1973ರ ನವೆಂಬರ್ ಒಂದಕ್ಕೆ! ಕೆಳಗೆ ನಮೂನೆ 24 ಅಂತಿತ್ತು, ಅದು 1989ರ ನಿಯಮಗಳದ್ದು. ಇವತ್ತು ಕೊಡುವ ಎಕ್ಸ್‌ಟ್ರ್ಯಾಕ್ಟ್, ಅಂದರೆ ರಿಜಿಸ್ಟರಿನಿಂದ ಇಳಿಸಿಕೊಟ್ಟ ನಕಲು, ಆಗಿದ್ದರೆ ಇವೆರಡೂ ಸರಿಯೇ. ಆದರೆ ಇವನು ಕೊಟ್ಟಿದ್ದು 1963ರ ಪುಟದ ಜೆರಾಕ್ಸ್ ಅಂತ. ದುಡ್ಡು ವಾಪಸ್ ಬರಲಿಲ್ಲ. ನಿಮಗೆ ಯಾರಾದರೂ ಹಳೇ ಹಾಳೆ ಮಾರಲು ಬಂದರೆ ಎಂಟ್ರಿ ಬಿಡಿ, ಮೊದಲು ಅಚ್ಚಾದ ಅಕ್ಷರ ಓದಿ.

ಮೂರನೇ ಅರ್ಜಿಯಲ್ಲಿ ಹೆಸರು ಬೇಡವೇ ಬೇಡ ಅಂದೆ. ಹೆಸರಿನ ಮೇಲೆ ಕಪ್ಪು ಹಚ್ಚಿ ಕೊಡಿ, ತಾರೀಕು, ಊರು, ಷರಾ ಕಾಲಂ ಇಷ್ಟು ಸಾಕು ಅಂತ ಬರೆದೆ. ಅದಕ್ಕೂ ಮೊದಲ ಮೇಲ್ಮನವಿ ಹಾಕಬೇಕಾಯಿತು, ಆದರೆ ಬಂತು. ಪುಟದ ಒಂದು ಮೂಲೆ ಗೆದ್ದಲು ತಿಂದಿತ್ತು. ಉಳಿದಿದ್ದರಲ್ಲಿ 1963, 1971, 1979 ಅಂತ ಮೂರು ಎಂಟ್ರಿ. 1963ರದ್ದು ಮಲೆನಾಡಿನ ಒಂದು ಹೋಬಳಿ, 1971ರದ್ದು ಅದೇ ಜಿಲ್ಲೆಯ ತಾಲೂಕು ಕೇಂದ್ರ, 1979ರ ಮುಂದೆ ಊರಿನ ಹೆಸರು ಗೆದ್ದಲಿನ ಪಾಲು. ಹೆಸರು ಇಲ್ಲದ್ದೇ ನನಗೆ ಮುಂದಿನ ದಾರಿ ತೋರಿಸಿತು. ಹೆಸರಿಲ್ಲದ ಮೇಲೆ ಓನರ್‌ನ ಹುಡುಕುವುದು ಹೇಗೆ? ಡ್ರೈವರ್‌ನ ಹುಡುಕು ಅಂತ ಆಗ ಹೊಳೆಯಿತು.

ಇದನ್ನು ಹೇಳಿದಾಗ ನಕ್ಕವರೇ ಜಾಸ್ತಿ. ಆದರೆ ಯೋಚನೆ ಮಾಡಿ. ಓನರ್ ಕಾಲವಾಗಿರುತ್ತಾರೆ, ಮಕ್ಕಳು ದೂರದ ಊರಲ್ಲಿರುತ್ತಾರೆ, "ಹೌದು, ಯಾವುದೋ ಕಾರಿತ್ತು" ಅನ್ನುತ್ತಾರೆ. ಡ್ರೈವರ್ ಹಾಗಲ್ಲ. ದಿನಾ ತೊಳೆದವನು ಅವನು, ಕೆಟ್ಟಾಗ ಕೆಳಗೆ ಮಲಗಿದವನು ಅವನು. ಅವನಿಗೆ ಗಾಡಿಯ ರೋಗ ನೆನಪಿರುತ್ತದೆ. ತಾಲೂಕು ಊರಲ್ಲಿ ಒಂದೋ ಎರಡೋ ಹೆರಾಲ್ಡ್ ಇದ್ದ ಕಾಲ ಅದು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಪ್ಪತ್ತು ದಾಟಿದವರ ಹತ್ತಿರ ಕೂತು ಕೇಳಿದರೆ ಅರ್ಧ ಗಂಟೆಯಲ್ಲಿ "ಓ, ಡಾಕ್ಟ್ರ ಹೆರಾಲ್ಡಾ?" ಅಂತ ಬರುತ್ತದೆ. ನನಗೆ ಹಾಗೇ ಬಂತು. 1971ರ ಎರಡನೇ ಓನರ್ ಒಬ್ಬ ಡಾಕ್ಟರು.

ಒಂದು ಎಚ್ಚರಿಕೆ. ಬಣ್ಣವನ್ನು ನೀವಾಗಿ ಬಾಯಿ ಬಿಡಬೇಡಿ. ಮೊದಮೊದಲು ನಾನು "ಅದು ನೀಲಿ ಕಾರಲ್ವಾ?" ಅಂತ ಕೇಳುತ್ತಿದ್ದೆ. ಒಬ್ಬ ಅಜ್ಜ ಎಲ್ಲದಕ್ಕೂ ಹೌದು ಅಂದರು. ಅವರ ಮಾತು ನಂಬಿ ಎರಡು ಸಲ ಬೇರೆ ಊರಿಗೆ ಹೋಗಿ ಬಂದೆ, ಆರು ಸಾವಿರ ಹೋಯಿತು, ಅದು ಬೇರೆಯೇ ಗಾಡಿ. ಆಮೇಲಿಂದ ಬಣ್ಣ, ಬಾಗಿಲಿನ ಲೆಕ್ಕ, ಯಾವುದನ್ನೂ ನಾನು ಹೇಳಲ್ಲ. ಅವರ ಬಾಯಿಂದಲೇ ಬರಬೇಕು.

ಡಾಕ್ಟರ ಡ್ರೈವರಿಗೆ ಈಗ ಎಂಬತ್ತರ ಹತ್ತಿರ. ಮನೆಗೆ ಹೋದಾಗ ನಾನು ಬರೀ ಹೆರಾಲ್ಡ್ ಅಂದೆ. ಅವರು ಎದ್ದು ಕೂತರು. "ಎಡಗಡೆ ಬಾಗಿಲು ಈಗಲೂ ಎತ್ತಿ ಎಳೀಬೇಕಾ ಸಾರ್?" ಅಂದರು. ನನ್ನ ಮೈ ಜುಮ್ಮಂದಿತು. ಆ ಬಾಗಿಲು ಸರಿಯಾಗಿ ಕೂರಲ್ಲ, ಹಿಡಿ ಹಿಡಿದು ಅರ್ಧ ಇಂಚು ಮೇಲೆತ್ತಿ ಎಳೆದರೆ ಮಾತ್ರ ಬೀಗ ಬೀಳುತ್ತದೆ. 1974ರ ಸುಮಾರಿಗೆ ಎತ್ತಿನಗಾಡಿ ತಪ್ಪಿಸಲು ಹೋಗಿ ಎಡಗಡೆ ಮೋರಿಗೆ ಹೊಡೆದಿತ್ತಂತೆ. ಟಿಂಕರ್ ಮೇಸ್ತ್ರಿ ಹಿಂಜಿನ ಹಿಂದೆ ತಗಡಿನ ಎರಡು ಬಿಲ್ಲೆ ಕೊಟ್ಟಿದ್ದರಂತೆ, ಮೇಲೆ ಒಂದು, ಕೆಳಗೆ ಒಂದು. ಅವತ್ತು ರಾತ್ರಿಯೇ ಮನೆಗೆ ಬಂದು ಬಾಗಿಲು ಬಿಚ್ಚಿದೆ. ಎರಡು ಬಿಲ್ಲೆ. ಕತ್ತರಿಯಲ್ಲಿ ಕತ್ತರಿಸಿದ್ದು, ಅಂಚು ಸೊಟ್ಟ, ಒಂದರ ಮೇಲೆ ಹೆಬ್ಬೆರಳಿನ ಗುರುತು ಗ್ರೀಸಿನಲ್ಲಿ ಒಣಗಿ ಕೂತಿತ್ತು. ಇದಕ್ಕಿಂತ ದೊಡ್ಡ ದಾಖಲೆ ನನಗೆ ಬೇಕಿರಲಿಲ್ಲ.

ಡಿಕ್ಕಿಯ ನೆಲದ ತೇಪೆಯ ವರ್ಷವೂ ಹೀಗೇ ಸಿಕ್ಕಿತು. ಬಲ ಮೂಲೆಯಲ್ಲಿ ಹಿತ್ತಾಳೆ ಬೆಸುಗೆ ಹಾಕಿದ ಒಂದು ಅಡಿ ತಗಡು. ಕೆಳಗಿನಿಂದ ಅಂಡರ್‌ಕೋಟ್ ಕೆರೆದಾಗ ಬರ್ಮಾ ಶೆಲ್ ಹೆಸರಿನ ಅರ್ಧ ಕಾಣಿಸಿತು, ಆಯಿಲ್ ಡಬ್ಬ ಕತ್ತರಿಸಿ ಹಾಕಿದ್ದು. ಆ ಕಂಪನಿಯನ್ನು 1976ರಲ್ಲಿ ಸರ್ಕಾರ ವಹಿಸಿಕೊಂಡಿತು, ಮರು ವರ್ಷ ಭಾರತ್ ಪೆಟ್ರೋಲಿಯಂ ಆಯಿತು. ಡಬ್ಬ ಗ್ಯಾರೇಜಿನಲ್ಲಿ ಒಂದೆರಡು ವರ್ಷ ಬಿದ್ದಿತ್ತು ಅಂದುಕೊಂಡರೂ ತೇಪೆ ಡಾಕ್ಟರ ಕಾಲದ್ದೇ. ಡ್ರೈವರ್ ಹೇಳಿದ್ದೂ ಅದನ್ನೇ.

ಇನ್ನು ಪೇಂಟು. ನೀರು ಹಾಕಿ 400, 800, 1200 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ರೂಪಾಯಿ ಅಗಲ ಉಜ್ಜಿದರೆ ಒಂದೊಂದು ಪದರವೂ ಉಂಗುರದ ಹಾಗೆ ಏಳುತ್ತದೆ. ಮೇಲೆ ಬಿಳಿ, ಅದರ ಕೆಳಗೆ ಮರೂನ್, ಆಮೇಲೆ ಕೆನೆ ಬಣ್ಣ, ತಳದಲ್ಲಿ ತಿಳಿ ನೀಲಿ, ಪ್ರೈಮರ್. ಥಿನ್ನರ್ ಬಟ್ಟೆ ಒತ್ತಿದಾಗ ಬಿಳಿ ಅಲ್ಲಾಡಲಿಲ್ಲ, ಅದು 2ಕೆ, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪೇಂಟು. ಕೆನೆ ಬಣ್ಣ ಬಟ್ಟೆಗೆ ಹತ್ತಿತು, ಅದು ಎನ್‌ಸಿ, ಅಂದರೆ ಥಿನ್ನರಿಗೆ ಕರಗುವ ನೈಟ್ರೋಸೆಲ್ಯುಲೋಸ್ ಪೇಂಟು, ಗ್ಯಾರೇಜ್ ಕೆಲಸ. ಬಾನೆಟ್ಟಿನ ಮೇಲೆ ಮೊದಲ ಸಲ ಉಜ್ಜಿದ್ದು ತಪ್ಪಾಯಿತು. ಅಲ್ಲಿ ಆಕ್ಸಿಡೆಂಟ್ ಆದಾಗ ಕೆರೆದು ಲಪ್ಪ (ಪುಟ್ಟಿ) ಹಾಕಿದ್ದರು, ಎರಡು ಪದರವೇ ಕಾಣೆ. ಅದನ್ನು ನೋಡಿ ಒಂದು ವರ್ಷ ತಪ್ಪು ಲೆಕ್ಕದಲ್ಲಿದ್ದೆ. ನಾಲ್ಕೂ ಬಣ್ಣ ಪೂರ್ತಿ ಸಿಗುವ ಜಾಗ ಹೆರಾಲ್ಡಿನಲ್ಲಿ ಒಂದೇ ಇದೆ. ಅದು ಎಲ್ಲಿ ಅಂತ ಇಲ್ಲಿ ಬರೆಯಲ್ಲ. ಬರೆದರೆ ಮಾರುವವರು ಅಲ್ಲೂ ಬೇಕಾದ ಬಣ್ಣ ಬಳಿದು ಇಡುತ್ತಾರೆ.

ಫೋಟೋಗಳ ವಿಷಯ. ನಮ್ಮ ಕಡೆ ಗಾಡಿಗೆ ವರ್ಷಕ್ಕೊಮ್ಮೆ ಫೋಟೋ ತೆಗೆಸುವ ದಿನ ಅಂದರೆ ಆಯುಧಪೂಜೆ. ಡ್ರೈವರ್ ಮನೆಯ ಟ್ರಂಕಿನಲ್ಲಿ ಮೂರು ಸಿಕ್ಕಿದವು. ಮೊದಲ ಓನರ್‌ನ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕದ ಗುಮಾಸ್ತ, ಆಗಿದ್ದವರ ಮನೆಯಲ್ಲಿ ಇನ್ನೊಂದು, 1968ರದ್ದು, ಹಿಂದೆ ಸ್ಟುಡಿಯೋ ಮೊಹರಿನಲ್ಲಿ ತಾರೀಕೂ ಇತ್ತು. ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ, ನಂಬರ್ ಪ್ಲೇಟ್ ಸ್ಪಷ್ಟ. ಆದರೆ ಕಪ್ಪು ಬಿಳುಪು. 1968ರಲ್ಲಿ ಗಾಡಿ ಇನ್ನೂ ನೀಲಿಯೋ, ಆಗಲೇ ಕೆನೆಯೋ? ಇದಕ್ಕೆ ಒಂದು ಪ್ರಯೋಗ ಮಾಡಿದೆ. ತಗಡಿನ ತುಂಡುಗಳಿಗೆ ಅವೇ ಬಣ್ಣ ಹೊಡೆಸಿ, ಕಪ್ಪು ಬಿಳುಪಿನ ರೀಲು ಹಾಕಿ, ಬಿಸಿಲಲ್ಲೂ ಮೋಡದಲ್ಲೂ ತೆಗೆದೆ. ರೀಲು, ತೊಳೆಸುವುದು, ಪೇಂಟು ಸೇರಿ ನಾಲ್ಕು ಸಾವಿರ. ತಿಳಿ ನೀಲಿ, ಕೆನೆ, ಬಿಳಿ ಮೂರೂ ಹತ್ತಿರ ಹತ್ತಿರ ಒಂದೇ ಥರ ಬಂದವು. ಈ ಫಿಲ್ಮಿಗೆ ನೀಲಿ ಕಂಡರೆ ಬೆಳ್ಳಗೇ ಹಿಡಿಯುತ್ತದೆ. ಮರೂನ್ ಮಾತ್ರ ಬೇರೆಯಾಗಿ ಕಂಡಿತು. ಹಾಗಾಗಿ ಡ್ರೈವರ್ ಕೊಟ್ಟ ಮೂರು ಫೋಟೋಗಳಲ್ಲಿ 1974ರ ಆಚೆ ಗಾಡಿ ಕಪ್ಪಗಾಗುವುದನ್ನು ನೋಡಿ, ಆಕ್ಸಿಡೆಂಟ್ ಆದ ಮೇಲೆ ಮರೂನ್ ಆಯಿತು ಅಂತ ಧೈರ್ಯವಾಗಿ ಬರೆದುಕೊಂಡೆ. ಕೆನೆ ಬಣ್ಣದ ವರ್ಷಕ್ಕೆ ರೈಟರ್ ಮಾತೇ ಗತಿಯಾಯಿತು. ಗಾಡಿ ಮಾರುವ ಮುಂಚೆ ಸಾಹುಕಾರರು ಬಣ್ಣ ಹೊಡೆಸಿದರು ಅಂದರು, ಅಂದರೆ 1970, 71.

ಎಂಜಿನ್ ಕಥೆ ನನಗೆ ಹೆಚ್ಚು ನೋವು ಕೊಟ್ಟಿತು. ನಾಲ್ಕನೇ ಓನರ್ ಕಾಲದ ಮೆಕ್ಯಾನಿಕ್ ಸಿಕ್ಕಿದರು. ಘಾಟಿಯಲ್ಲಿ ಎಂಜಿನ್ ತಳದ ಆಯಿಲ್ ಸಂಪ್‌ಗೆ ಕಲ್ಲು ಬಡಿದು, ಆಯಿಲ್ ಸೋರಿದ್ದು ಗೊತ್ತಾಗದೆ ಓಡಿಸಿ, ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಆಚೆ ಬಂತಂತೆ. ಗುಜರಿಗೆ ಬಂದಿದ್ದ ಒಂದು ಗೆಜೆಲ್ ಕಾರಿನ ಎಂಜಿನ್ ತಂದು ಹಾಕಿದರಂತೆ. 1972ರಿಂದ 77ರವರೆಗೆ ಬಂದ ಗೆಜೆಲ್‌ಗೂ ಅದೇ 948 ಸಿಸಿ ಎಂಜಿನ್, ಹಿಂದಿನ ಆ್ಯಕ್ಸಲ್ ಮಾತ್ರ ಬೇರೆ, ಆದ್ದರಿಂದ ಮೌಂಟಿಂಗ್ ಸಲೀಸಾಗಿ ಕೂತಿತು. ಬದಲಾವಣೆಯನ್ನು ಪುಸ್ತಕದಲ್ಲಿ ಬರೆಸಿದ್ದರು ಅನ್ನೋದೇ ಸಮಾಧಾನ. 1984ರ ನಂತರದ ಕಚೇರಿಯ ಎಕ್ಸ್‌ಟ್ರ್ಯಾಕ್ಟಿನಲ್ಲಿ ಕೆಂಪು ಶಾಯಿಯ ಒಂದು ಸಾಲು ಇದೆ.

ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿ ಅಂತ ಬಹಳ ಜನ ಹೇಳಿದರು. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಹಳೇ ನಂಬರ್ ಉಳಿಸಿಕೊಳ್ಳಬಹುದು, ಹತ್ತು ವರ್ಷಕ್ಕೆ ಸಿಗುತ್ತದೆ. ಆದರೆ ಶಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಅಂತಲೂ ಅದರಲ್ಲೇ ಇದೆ. ಜಾತಕ ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿ ಅರ್ಜಿ ಹಾಕುತ್ತಿದ್ದೆ. ಈಗ ಗೊತ್ತಿದ್ದೂ ಮುಚ್ಚಿಡುವುದು ನನಗೆ ಬೇಡ. ಅದೇ ಕಾಲದ ಹೆರಾಲ್ಡ್ ಬ್ಲಾಕ್ ಒಂದು ಹುಡುಕುತ್ತಿದ್ದೇನೆ, ಅದನ್ನು ಹಾಕಿದರೂ ಫೈಲಿನಲ್ಲಿ ಹಾಗೆಂದೇ ಬರೆಯುತ್ತೇನೆ.

ಒಟ್ಟು ಖರ್ಚು ಕೇಳುವವರಿಗೆ: ಬರೀ ಹುಡುಕಾಟಕ್ಕೆ ಎಂಬತ್ತು ಸಾವಿರದ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಓಡಾಟ, ಇಪ್ಪತ್ತು ಟ್ರಿಪ್ ಇರಬಹುದು. ಮಾಹಿತಿ ಹಕ್ಕಿಗೆ ಆಗಿದ್ದು ಕೆಲವೇ ನೂರು. ಡ್ರೈವರಾಗಲಿ ರೈಟರಾಗಲಿ ದುಡ್ಡು ಮುಟ್ಟಲಿಲ್ಲ. ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಟ್ಟೆ. ಮೂಲ ಫೋಟೋ ಯಾವತ್ತೂ ಇಟ್ಟುಕೊಳ್ಳಬೇಡಿ, ವಾಪಸ್ ಕೊಟ್ಟವನಿಗೆ ಎರಡನೇ ಸಲ ಟ್ರಂಕ್ ತೆಗೆಯುತ್ತಾರೆ. ಎಂಜಿನ್ ಹಾಕಿದ ಮೆಕ್ಯಾನಿಕ್ ವಿಳಾಸ ಸಿಕ್ಕಿದ್ದು ಹೇಗೆ ಅಂತ ಕೆಲವರು ಕೇಳಿದ್ದಾರೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ, ಇನ್ನೊಂದು ಗಾಡಿಗೆ ಬೇಕಾಗಿದೆ.

ಉಳಿದಿರುವುದು 1979ರಿಂದ 84. ಮೂರನೇ ಓನರ್ ಒಬ್ಬರಿದ್ದರು ಅಷ್ಟೇ ಗೊತ್ತು, ಯಾರು, ಯಾವ ಊರು ಗೊತ್ತಿಲ್ಲ. ಹಿಂದಿನ ಸೀಟಿನ ಸ್ಪ್ರಿಂಗ್ ನಡುವೆ ಒಂದು ಗ್ಯಾರೇಜ್ ಬಿಲ್ಲಿನ ಚೂರು ಸಿಕ್ಕಿದೆ. ಎರಡು ಬೆರಳಗಲ, ಎಣ್ಣೆ ಕುಡಿದು ಕಂದಾಗಿದೆ. ಬೆಳಕಿಗೆ ಹಿಡಿದರೆ 81 ಅಂತ ಕಾಣುತ್ತದೆ, ಮೇಲೆ ಊರಿನ ಹೆಸರಿನ ಕೊನೆ ಎರಡು ಅಕ್ಷರ ಮಾತ್ರ, "ಕೆರೆ". ತರೀಕೆರೆ ಮುಗಿಸಿದೆ, ಅರಸೀಕೆರೆಗೆ ಎರಡು ಸಲ ಹೋಗಿ ಬಂದೆ, ಅಲ್ಲಿನ ಹಳೇ ಡ್ರೈವರ್‌ಗಳು ಯಾರೂ ಈ ಗಾಡಿ ನೋಡಿಲ್ಲ. ಮುಂದಿನ ವಾರ ಚಳ್ಳಕೆರೆ.