ಗಜಕರ್ಣ ಹತ್ತಿದ್ದ ಗರಡಿಯ ಮಣ್ಣನ್ನು ನಾನು ತಿದ್ದಿದ ಬಗೆ

ನಮ್ಮ ಗರಡಿಯ ಕಣದ ಹೊಸ ಮಣ್ಣು ಈಗ ಎರಡು ಮಳೆಗಾಲ ದಾಟಿದೆ. ಈ ಅವಧಿಯಲ್ಲಿ ಗಜಕರ್ಣ ಎಂಬ ಚರ್ಮದ ಬೂಷ್ಟುರೋಗ ಹತ್ತಿಸಿಕೊಂಡ ಹುಡುಗರು ಒಟ್ಟು ಮೂವರು, ಅವರಲ್ಲಿ ಇಬ್ಬರು ಅದನ್ನು ಮನೆಯಿಂದಲೇ ತಂದವರು. 2022ರ ಶ್ರಾವಣದಲ್ಲಿ ಇದೇ ಕಣದಲ್ಲಿ ಜೋರು (ಕುಸ್ತಿಯ ಅಭ್ಯಾಸ) ಮಾಡುತ್ತಿದ್ದ 22 ಹುಡುಗರ ಪೈಕಿ 14 ಜನರ ತೊಡೆ, ಕಂಕುಳು, ಕುತ್ತಿಗೆಗಳ ಮೇಲೆ ಉಂಗುರದಂತಹ ಕಲೆಗಳೆದ್ದು, ತಾಯಂದಿರು ಬಾಗಿಲಿಗೆ ಬಂದು ಬೈದು ಹೋಗಿದ್ದರು. ಗರಡಿಗೆ ಬೀಗ ಹಾಕಿ ಮ್ಯಾಟ್ ತರಿಸಿ ಎಂದು ಆಗ ಹೇಳಿದವರು ಇಂದು ನಮ್ಮ ಮಣ್ಣು ಕೇಳಿಕೊಂಡು ಬರುತ್ತಿದ್ದಾರೆ. ಆದ್ದರಿಂದ ಇದನ್ನು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಾನು ಗದಗಿನ ಮುದ್ರಣಾಲಯವೊಂದರಲ್ಲಿ ಬೈಂಡಿಂಗ್ ಕೆಲಸ ಮಾಡುತ್ತೇನೆ. ಬೆಳಿಗ್ಗೆ ನಾಲ್ಕೂವರೆಯಿಂದ ಏಳರವರೆಗೆ ಮಾತ್ರ ವಸ್ತಾದ, ಎಂದರೆ ಕುಸ್ತಿ ಕಲಿಸುವವನು. ಹಣದ ವಿಷಯ ಮುಂದೆ ಬರುವುದರಿಂದ ಈ ಮಾತನ್ನು ಮೊದಲೇ ಹೇಳಿದೆ.

ಕಣ ಕೆಟ್ಟದ್ದು ಒಂದೇ ದಿನದಲ್ಲಲ್ಲ. 2020ರ ಫೆಬ್ರವರಿಯಲ್ಲಿ ಧಾರವಾಡದಲ್ಲಿ ಕುಸ್ತಿ ಹಬ್ಬ ನಡೆದಾಗ ನಮ್ಮ ಹುಡುಗರು ಟೆಂಪೋ ಮಾಡಿಕೊಂಡು ನೋಡಿ ಬಂದಿದ್ದರು. ಮರುತಿಂಗಳೇ ಲಾಕ್‌ಡೌನ್ ಬಂದು ಗರಡಿ ಮುಚ್ಚಿತು. ಹೆಚ್ಚುಕಡಿಮೆ ಒಂದೂವರೆ ವರ್ಷ ಸನಿಕೆ ಬೀಳದೆ ಬಿದ್ದ ಮಣ್ಣು ಮೇಲೆ ಹೆಂಚಿನಂತೆ ಗಟ್ಟಿಯಾಗಿ, ಅಡಿಯಲ್ಲಿ ಮಾಳಿಗೆ ಛಾವಣಿಯ ಸೋರಿಕೆ ಕುಡಿದು ಹುಳಿ ವಾಸನೆ ಹಿಡಿದಿತ್ತು. ನಾವು ಅದನ್ನೇ ಮೇಲೆ ಮೇಲೆ ಅಗೆದು, ಒಂದಿಷ್ಟು ಎಣ್ಣೆ ಸುರಿದು, ಹನುಮಪ್ಪನಿಗೆ ಕಾಯಿ ಒಡೆದು ಕುಸ್ತಿ ಆರಂಭಿಸಿದೆವು. ಅದು ನನ್ನ ಮೊದಲ ತಪ್ಪು.

ಹುಡುಗರು ಗಜಕರ್ಣವನ್ನು ಮುಚ್ಚಿಟ್ಟದ್ದು ಎರಡನೆಯದು. ಔಷಧಿ ಅಂಗಡಿಯಲ್ಲಿ ಕೇಳಿದಾಕ್ಷಣ ಕೊಟ್ಟ, ಸ್ಟಿರಾಯ್ಡ್ ಕೂಡಿಸಿದ ಮುಲಾಮನ್ನು ಅವರು ಹಚ್ಚಿಕೊಳ್ಳುತ್ತಿದ್ದರು. ಅದು ನಾಲ್ಕು ದಿನ ತುರಿಕೆಯನ್ನು ಅಡಗಿಸುತ್ತದೆ, ಬಿಟ್ಟ ಮೇಲೆ ಮೊದಲಿನ ಎರಡರಷ್ಟು ಹರಡುತ್ತದೆ. ಚರ್ಮದ ವೈದ್ಯರು ಮೊದಲು ಆ ಮುಲಾಮನ್ನು ಕಸದ ಬುಟ್ಟಿಗೆ ಹಾಕಿಸಿದರು. ಕಣ ಮುಚ್ಚಿ ಎಂದೂ ಹೇಳಿದರು. ಮೊದಲನೆಯ ಮಾತನ್ನು ಕೇಳಿದೆ, ಎರಡನೆಯದನ್ನು ಅರ್ಧ ಕೇಳಿದೆ.

ಮ್ಯಾಟಿನ ದರ ವಿಚಾರಿಸಿದ್ದೂ ನಿಜ. ಒಂಬತ್ತು ಮೀಟರ್ ವೃತ್ತದ ಸ್ಪರ್ಧೆಯ ಮ್ಯಾಟಿಗೆ ಮಾರುವವರು ಹೇಳಿದ್ದು ನಾಲ್ಕು ಲಕ್ಷದ ಮೇಲೆ. ನಮ್ಮ ಗರಡಿಯ ಕಣ 20 ಅಡಿಗೆ 20 ಅಡಿ. ಮ್ಯಾಟ್ ತಂದರೆ ಅದನ್ನು ಹಾಸಲು ಗೋಡೆ ಕೆಡವಬೇಕಾಗಿತ್ತು. ಕ್ರೀಡಾ ವಸತಿ ನಿಲಯಕ್ಕೆ ಹೋಗುವ ಹುಡುಗನಿಗೆ ಮ್ಯಾಟ್ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ಆದರೆ ಜಾತ್ರೆಯ ನಿಕಾಲಿ ಕುಸ್ತಿಗೆ (ಒಬ್ಬನ ಬೆನ್ನು ನೆಲಕ್ಕೆ ತಾಗಿ ಸೋಲುವವರೆಗೂ ನಡೆಯುವ ಕುಸ್ತಿಗೆ) ಇಳಿಯುವವನು ಮಣ್ಣಿನಲ್ಲಿಯೇ ಕಾಲು ಊರುವುದನ್ನು ಕಲಿಯಬೇಕು.

2022ರ ದೀಪಾವಳಿಯ ನಂತರ ಹಳೆಯ ಮಣ್ಣನ್ನು ಪೂರ್ತಿ ತೆಗೆಸಿ ಹೊಸದನ್ನು ತುಂಬಿದೆ, ಆದರೆ ಖರ್ಚು ಉಳಿಸುವ ಆಸೆಯಿಂದ ಮೂರರಲ್ಲಿ ಒಂದು ಪಾಲು ನಮ್ಮದೇ ಹೊಲದ ಎರೆ ಮಣ್ಣನ್ನು ಕೂಡಿಸಿದೆ. ಎರೆಯ ಗುಣ ರೈತನ ಮಗನಾದ ನನಗೆ ತಿಳಿಯದ್ದೇನಲ್ಲ. ಪುಕ್ಕಟೆ ಸಿಗುತ್ತದೆಂದು ಕಣ್ಣು ಮುಚ್ಚಿಕೊಂಡೆ. ನೀರು ಚಿಮುಕಿಸಿದರೆ ಅಂಟು, ಒಣಗಿದರೆ ಇಟ್ಟಿಗೆಯ ಚೂರಿನಂತಹ ಹೆಂಟೆ. ಒಂದೇ ವಾರದಲ್ಲಿ ಏಳೆಂಟು ಹುಡುಗರ ಮೊಣಕೈ ತರಚಿತು. ಅದಕ್ಕೆ ಔಷಧಿಯೆಂದು 200 ಲೀಟರ್ ಮಜ್ಜಿಗೆಯನ್ನು ಒಮ್ಮೆಗೇ ಸುರಿದೆ. ಐದನೆಯ ದಿನ ಕಣದ ಮೂಲೆಗಳಲ್ಲಿ ಬಿಳಿಯ ಬೂಸು ಎದ್ದಿತು. ಮೈಗೆ ಹತ್ತಿದ ಬೂಷ್ಟನ್ನು ತೊಲಗಿಸಲು ಹೊರಟವನು ನೆಲಕ್ಕೂ ಹತ್ತಿಸಿದ್ದೆ.

ಅದೇ ಸುತ್ತಿನಲ್ಲಿ ಇನ್ನೊಂದು ಅವಾಂತರವಾಯಿತು. ಅರಿಶಿಣ ಪುಡಿಯನ್ನು ಪರಿಚಯದ ವ್ಯಾಪಾರಿಯೊಬ್ಬರು ಅಗ್ಗಕ್ಕೆ ಕೊಟ್ಟರು. ಚೀಲಗಳು ಮಾತ್ರ ಹಿಂದೆ ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದವು. ಮಣ್ಣಿಗೆ ಬೆರೆಸುವಾಗ ಎಲ್ಲರೂ ಸೀನಿದೆವು, ಹೊಸ ಅರಿಶಿಣದ ಖಡಕ್ಕು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಲಂಗೋಟಿ ಕಟ್ಟಿ ಇಳಿದ ಹುಡುಗರು ಹತ್ತು ನಿಮಿಷದಲ್ಲಿ ಬಾವಿಯ ಕಡೆಗೆ ಓಡಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರವಿಲ್ಲ ಎನ್ನುವವರು ಅದರಲ್ಲಿ ಕುಸ್ತಿಯಾಡಿದವರಲ್ಲ. ಈ ಸುತ್ತಿನಲ್ಲಿ ಸುಮಾರು 19 ಸಾವಿರ ರೂಪಾಯಿ ಮಣ್ಣುಪಾಲಾಯಿತು, ಅದರಲ್ಲಿ 11 ಸಾವಿರ ನನ್ನ ಕೈಯದು. ಮನೆಯಲ್ಲಿ ಆ ಮೊತ್ತವನ್ನು ಇಂದಿಗೂ ಪೂರ್ತಿ ಹೇಳಿಲ್ಲ.

2023ರ ಬೇಸಿಗೆಯಲ್ಲಿ ಎರಡನೆಯ ಸಲ ಕೈ ಹಾಕಿದೆ. ಹಿರಿಯರು ಕಪ್ಪತಗುಡ್ಡದ ಕೆಂಪು ಮಣ್ಣೇ ಆಗಬೇಕೆಂದರು. ಗುಡ್ಡ 2019ರಿಂದ ವನ್ಯಜೀವಿಧಾಮವಾಗಿದೆ, ಅಲ್ಲಿಂದ ಒಂದು ಬುಟ್ಟಿಯನ್ನೂ ತರುವಂತಿಲ್ಲ, ತರಲೂಬಾರದು. ಮುಂಡರಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಗೆಳೆಯನೊಬ್ಬ ಕೃಷಿ ಹೊಂಡ ತೋಡಿಸುತ್ತಿದ್ದ. ಮೇಲಿನ ಮಣ್ಣನ್ನು ಬಿಟ್ಟು ನಾಲ್ಕೈದು ಅಡಿ ಕೆಳಗಿನದನ್ನೇ ಟ್ರಾಲಿಗೆ ಹಾಕಿಸಿದೆ. ಮೇಲ್ಮಣ್ಣಿನಲ್ಲಿ ಸಗಣಿ, ಗೊಬ್ಬರ, ಬೇರು ಎಲ್ಲ ಇರುತ್ತವೆ. ತರಚಿದ ಮೈಗೆ ಗೊಬ್ಬರದ ಮಣ್ಣು ತಾಗಿದರೆ ಧನುರ್ವಾಯುವಿನ ಭಯ. ಹುಡುಗರೆಲ್ಲರಿಗೂ ಟಿ.ಟಿ. ಚುಚ್ಚುಮದ್ದು ಹಾಕಿಸಿದ್ದೂ ಆಗಲೇ. ಒಂದೂವರೆ ಅಡಿ ಆಳಕ್ಕೆ ಆರು ಬ್ರಾಸ್ (600 ಘನ ಅಡಿ) ಹಿಡಿಯಿತು. ಮಣ್ಣು ಪುಕ್ಕಟೆ, ಟ್ರಾಲಿಯ ಬಾಡಿಗೆ ಮಾತ್ರ ಒಂದು ಖೇಪಿಗೆ 2,500ರಂತೆ 15 ಸಾವಿರ. ಗರಸು ಕಲ್ಲು ಬಹಳವಿತ್ತು. ಮೊದಲು ಉಸುಕು ಸೋಸುವ ಜಾಳಿಗೆಯಲ್ಲಿ, ಆಮೇಲೆ ಮನೆಗಳಿಂದ ತಂದ ಗೋಧಿ ಸಾಣಿಗೆಗಳಲ್ಲಿ ಸೋಸಿದೆವು. ಹನ್ನೊಂದು ದಿನ ಹಿಡಿಯಿತು. ಆ ಸಾಣಿಗೆಗಳು ತಿರುಗಿ ಅಡಿಗೆಮನೆ ಸೇರಲಿಲ್ಲ.

ಬೆರಕೆಯ ಲೆಕ್ಕ ನೆನಪಿನಿಂದ ಹೇಳುವುದಾದರೆ ಅರಿಶಿಣ 35 ಕಿಲೋ, ಬೇವಿನೆಣ್ಣೆ 15 ಲೀಟರ್, 600ರಷ್ಟು ನಿಂಬೆಹಣ್ಣಿನ ರಸ, ಕರ್ಪೂರ ಒಂದು ಕಿಲೋ. ಮಜ್ಜಿಗೆಯನ್ನು 40 ಲೀಟರಿಗೆ ಇಳಿಸಿ, ಬೆಣ್ಣೆಯ ಅಂಶ ಪೂರ್ತಿ ತೆಗೆದು, ನಾಲ್ಕು ಕಂತಿನಲ್ಲಿ ಚಿಮುಕಿಸಿದೆ. ಕರ್ಪೂರ ಮೂಗಿಗೆ ಮತ್ತು ಹನುಮಪ್ಪನಿಗೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಆದರೂ ಅದಿಲ್ಲದ ಗರಡಿ ಗರಡಿಯಂತೆ ನಾರುವುದಿಲ್ಲ. ಇವೆಲ್ಲವುಗಳ ಜೊತೆಗೆ ಒಂದು ಸೊಪ್ಪು ಬೀಳುತ್ತದೆ, ಕಣಕ್ಕೆ ತುಂಬುವ ಮೊದಲು ಮಣ್ಣನ್ನು ಗುಡ್ಡೆ ಹಾಕಿ ಕೆಲವು ದಿನ ಮಾಗಿಸುವುದೂ ಇದೆ. ಯಾವ ಸೊಪ್ಪು, ಎಷ್ಟು ದಿನ ಎಂಬುದನ್ನು ಗರಡಿಗೆ ಬಂದು ಒಂದು ವಾರ ಸನಿಕೆ ಹಿಡಿದವರಿಗೆ ಹೇಳುತ್ತೇನೆ.

ಇಷ್ಟೆಲ್ಲ ಹಾಕಿದರೂ ಕೆಲಸ ಮಾಡಿದ್ದು ಮುಖ್ಯವಾಗಿ ಬಿಸಿಲು ಮತ್ತು ಸನಿಕೆ ಎಂದೇ ನನ್ನ ನಂಬಿಕೆ. ನಮ್ಮ ಗರಡಿಗಳು ತಗ್ಗು ಬಾಗಿಲಿನ, ಕಿಟಕಿಯಿಲ್ಲದ ಕತ್ತಲ ಕೋಣೆಗಳು. ಬೆಳಕು ಬಿಡಬೇಕೆಂದಾಗ ನನಗೆ ಪಟ್ಟು ಕಲಿಸಿದ ಕಾಕಾ, "ತಮ್ಮಾ, ಪೈಲ್ವಾನರ ಮೈ ಹೊರಗಿನವರ ಕಣ್ಣಿಗಿ ಬಿದ್ರ ದೃಷ್ಟಿ ಆಗ್ತದ. ನಿಮ್ಮ ಮುತ್ಯಾರ ಕಾಲದಾಗ ಯಾರಿಗಿ ಗಜಕರ್ಣ ಆಗಿತ್ತು?" ಎಂದು ಸಿಟ್ಟಾದರು. ಮುತ್ಯಾರ ಕಾಲದಲ್ಲಿ ಹುಡುಗರು ಸಿಂಥೆಟಿಕ್ ಚಡ್ಡಿ ತೊಟ್ಟು ಇಳಿಯುತ್ತಿರಲಿಲ್ಲ ಎಂದು ನಾನು ಎದುರಾಡಲಿಲ್ಲ. ಗೋಡೆಗೆ ಕಿಟಕಿ ಇಡುವುದನ್ನು ಬಿಟ್ಟು, ಮಾಳಿಗೆಯ ಸೋರುವ ಭಾಗವನ್ನು ತೆಗೆಸಿ ಅಲ್ಲಿ ಬೆಳಕು ಹಾಯುವ ಶೀಟುಗಳನ್ನು ಹಾಕಿಸಿದೆ. ಬೆಳಕು ಬಂತು, ಹೊರಗಿನ ಕಣ್ಣು ಬರಲಿಲ್ಲ, ಕಾಕಾ ಸುಮ್ಮನಾದರು. ಅದಕ್ಕೆ ನಾಲ್ಕೂವರೆ ಸಾವಿರ. ಕೂಲಿಯೂ ಸೇರಿ ಒಟ್ಟು ಖರ್ಚು 38 ಸಾವಿರದ ಆಸುಪಾಸು.

ದಿನವೂ ಕುಸ್ತಿಗೆ ಮೊದಲು ಇಬ್ಬಿಬ್ಬರಂತೆ ಕಣವನ್ನು ತಳದವರೆಗೆ ಅಗೆದು ತಿರುವಿ ಹಾಕಬೇಕು. ಅದನ್ನು ಸಾಮಿನ (ವ್ಯಾಯಾಮದ) ಲೆಕ್ಕಕ್ಕೇ ಹಿಡಿದಿದ್ದೇನೆ. ಅಗೆದವನಿಗೆ ಆ ದಿನ 100 ಬೈಠಕ್ ಮಾಫಿ. ಹಸಿಯ ಹದವನ್ನು ನಾನು ಕೈಯಿಂದಲೇ ನೋಡುತ್ತೇನೆ. ಒಂದು ಮುಷ್ಟಿ ಮಣ್ಣನ್ನು ಒತ್ತಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕೈದು ಹೋಳಾಗಬೇಕು. ಪುಡಿಯಾದರೆ ಧೂಳೆದ್ದು ಕಣ್ಣು ಕೆಡುತ್ತದೆ, ಉಂಡೆ ಉಂಡೆಯಾಗಿಯೇ ಉಳಿದರೆ ಆ ದಿನ ಕುಸ್ತಿ ಇಲ್ಲ, ಬರೀ ದಂಡ ಮತ್ತು ಮಲ್ಲಕಂಬ. ಕಲೆ ಕಂಡವನು ವೈದ್ಯರ ಔಷಧಿಯನ್ನು ಅವರು ಹೇಳಿದಷ್ಟು ವಾರ ಪೂರ್ತಿ ಮಾಡುವವರೆಗೆ ಕಣಕ್ಕೆ ಇಳಿಯುವಂತಿಲ್ಲ. ಕಲೆ ಮಾಯವಾಯಿತೆಂದು ನಡುವೆ ಬಿಟ್ಟವನೇ ಮತ್ತೆ ಹತ್ತಿಸಿಕೊಂಡು ಬರುತ್ತಾನೆ. ಒಬ್ಬರ ಲಂಗೋಟಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೇ ಒಣಗಿಸಬೇಕು. ಈ ನಿಯಮಕ್ಕೆ ಬೇಸತ್ತು ಮೊದಲ ತಿಂಗಳಲ್ಲೇ ಐವರು ಬಿಟ್ಟು ಹೋದರು, ಮೂವರು ತಿರುಗಿ ಬಂದರು.

ಮಣ್ಣು ಒಂದು ಹದಕ್ಕೆ ಬಂದ ಮೇಲೆ ಎಣ್ಣೆಯ ಹುಚ್ಚು ಹಿಡಿಯಿತು. ಎಳ್ಳೆಣ್ಣೆಗೆ ಲಕ್ಕಿ ಸೊಪ್ಪಿನ ರಸ, ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದ ಎಣ್ಣೆ ನಮ್ಮ ಕಡೆ ಹೊಸದೇನಲ್ಲ. ನಾನು ಮಾಡಿದ್ದು ಪಾಕವನ್ನು ತುಸು ಗಟ್ಟಿ ಮಾಡಿದ್ದು. ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಹೊತ್ತಿಸಿದಾಗ ಚಟಪಟ ಎನ್ನದೆ ಉರಿಯುವವರೆಗೂ ಇಳಿಸುವುದಿಲ್ಲ. ನೀರು ಉಳಿದರೆ ತಿಂಗಳಲ್ಲಿ ಎಣ್ಣೆ ಹಳಸುತ್ತದೆ. ಮೊದಲ ಸಲ ಒಲೆಯ ಮೇಲಿರುವಾಗಲೇ ಕರ್ಪೂರ ಹಾಕಿದೆ, ಭಗ್ಗನೆ ಹೊತ್ತಿಕೊಂಡು ಬಲಗೈಯ ರೋಮವೆಲ್ಲ ಸುಟ್ಟಿತು. ಈಗ ಇಳಿಸಿ, ಉಗುರುಬೆಚ್ಚಗಾದ ಮೇಲೆ ಹಾಕುತ್ತೇನೆ. ಮೊಣಕಾಲು ಬಾತಾಗ ಕಣದ ಮಣ್ಣನ್ನೇ ಬಿಸಿ ಮಾಡಿ ಕಟ್ಟಿ ನೋಡಿದ್ದೂ ಉಂಟು. ಬೆಚ್ಚಗಿನ ನೀರಿನ ಚೀಲಕ್ಕಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ.

ಮಾಲೀಸಿನಲ್ಲಿಯೂ ಹಿರಿಯರ ಜೊತೆ ಜಗಳವಾಯಿತು. ಉಳುಕಿದ ತಕ್ಷಣ ತಿಕ್ಕಬೇಕೆಂಬುದು ಅವರ ಪದ್ಧತಿ. ನಾನು ಮೊದಲ ಎರಡು ಮೂರು ದಿನ ತಣ್ಣೀರ ಬಟ್ಟೆ ಮಾತ್ರ ಇಡಿಸಿ, ಬಾವು ಇಳಿದ ಮೇಲಷ್ಟೇ ಎಣ್ಣೆಗೆ ಕೈ ಹಾಕುತ್ತೇನೆ. ಇದನ್ನು ಜಾಣತನದಿಂದ ಕಲಿತದ್ದಲ್ಲ. 2021ರ ಕೊನೆಯಲ್ಲಿ ಢಾಕ್ ಪಟ್ಟು ಹಾಕಿಸಿಕೊಂಡು ಅಂಗೈ ಊರಿ ಬಿದ್ದ ಹುಡುಗನ ಮಣಿಕಟ್ಟನ್ನು ಉಳುಕೆಂದು ಒಂದು ವಾರ ತಿಕ್ಕಿದ್ದೆ. ನೋವು ಇಳಿಯದಿದ್ದಾಗ ತೆಗೆಸಿದ ಎಕ್ಸ್‌ರೇಯಲ್ಲಿ ಹೆಬ್ಬೆರಳ ಬುಡದ ಸಣ್ಣ ಎಲುಬು ಸೀಳಿದ್ದು ಕಂಡಿತು. ಅವನ ಕೈ ಮೂರು ತಿಂಗಳ ಹತ್ತಿರ ಪ್ಲಾಸ್ಟರಿನಲ್ಲಿತ್ತು. ಅಂದಿನಿಂದ ಹೆಬ್ಬೆರಳನ್ನು ಮೇಲೆತ್ತಿಸಿದಾಗ ಬುಡದಲ್ಲಿ ಬೀಳುವ ಕುಳಿಯನ್ನು ಮೊದಲು ಒತ್ತಿ ನೋಡುತ್ತೇನೆ. ಅಲ್ಲಿ ನೋವೆಂದರೆ ಎಣ್ಣೆಯ ಬಾಟಲಿ ಮುಚ್ಚಿ ಆಸ್ಪತ್ರೆಗೆ ಕಳಿಸುತ್ತೇನೆ, ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಹತ್ತು ದಿನ ಬಿಟ್ಟು ಮತ್ತೆ ತೆಗೆಸುತ್ತೇನೆ. ಆ ಹುಡುಗನೇ ಕಳೆದ ವರ್ಷ ಹಾವೇರಿ ಕಡೆಯ ಜಾತ್ರೆಯಲ್ಲಿ ತನಗಿಂತ ಆರೇಳು ಕಿಲೋ ಹೆಚ್ಚು ತೂಗುವವನನ್ನು ಅದೇ ಕೈಯಿಂದ ಚಿತ್ ಮಾಡಿ ಬೆಳ್ಳಿ ಕಡಗ ತೊಟ್ಟು ಬಂದ.

ಕಾಕಾ ಕಳೆದ ತಿಂಗಳು ಎರಡು ಸಿಮೆಂಟ್ ಚೀಲ ಹಿಡಿದುಕೊಂಡು ಬಂದಿದ್ದರು. ಅವರ ಊರಿನ ಗರಡಿಯ ಕಣಕ್ಕೆ ನಮ್ಮ ಮಣ್ಣನ್ನು ಹೆಪ್ಪಿನಂತೆ ಬೆರೆಸುತ್ತಾರಂತೆ. ಹೆಪ್ಪಿನಿಂದ ಏನೂ ಆಗುವುದಿಲ್ಲ, ಮಾಳಿಗೆಗೆ ಬೆಳಕಿನ ಶೀಟು ಹಾಕಿಸಿರೆಂದೆ. ಅವರು ಒಂದು ಮುಷ್ಟಿ ಎತ್ತಿ ಮೂಸಿ, "ಅರಿಷಿಣ ಕಡಿಮಿ ಬಿದ್ದದ" ಎಂದು ಎರಡೂ ಚೀಲ ತುಂಬಿಸಿಕೊಂಡರು. ಶೀಟಿನ ದರವನ್ನು ಮಾತ್ರ ಬಾಗಿಲು ದಾಟುವಾಗ ಕೇಳಿದರು.