ಆಯಿಯ ಮಂಚದ ಬದಿಗೊಂದು ಮಡಿಚುವ ತಟ್ಟಿ: ಮಾಡುವ ರೀತಿ

ಸೊಂಟದ ಮೂಳೆ ಮುರಿದು ಆಯಿ (ನನ್ನ ತಾಯಿ) ಹಾಸಿಗೆ ಹಿಡಿದಾಗ ಅವಳ ಮಂಚವನ್ನು ಒಳಕೋಣೆಯಿಂದ ಜಗಲಿಗೆ ತಂದು ಹಾಕಿದೆವು. ಒಳಗೆ ಗಾಳಿ ಬೆಳಕು ಸಾಲದು, ಜಗಲಿಯಲ್ಲಿ ಮರೆ ಸಾಲದು. ಹಾಲಿನವರು, ನೆಂಟರು, ಕರೆಂಟು ಬಿಲ್ಲಿನವರು ಎಲ್ಲರೂ ಬರುವುದು ಅಲ್ಲಿಗೇ. ಹಗ್ಗ ಬಿಗಿದು ಹಳೆಯ ಸೀರೆಯೊಂದನ್ನು ಇಳಿಬಿಟ್ಟೆವು. ಕಡಲ ಗಾಳಿಗೆ ಅದು ಹಾರಿ ಹಾರಿ ಅವಳ ಮುಖದ ಮೇಲೇ ಬೀಳುತ್ತಿತ್ತು. ಪ್ಲೈವುಡ್ ಹೊಡೆಸುತ್ತೇನೆ ಎಂದೆ. "ಗೋಡೆ ಎಬ್ಬಿಸಬೇಡ. ಯಾರು ಬಂದರು, ಯಾರು ಹೋದರು ಎಂಬುದು ನನಗೆ ತಿಳಿಯಬೇಕು" ಎಂದಳು.

ಕುಮಟಾ ತಾಲೂಕಿನಲ್ಲಿ ಮೂವತ್ತೊಂದು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದವನು ನಾನು. ಜಪಾನಿನ ಮಡಿಚುವ ತಟ್ಟಿಗಳ ಚಿತ್ರಗಳನ್ನು ಮಕ್ಕಳಿಗೆ ಎಷ್ಟೋ ಸಲ ತೋರಿಸಿದ್ದೆ. ಆದರೆ ಅವನ್ನು ಗೋಡೆಗೆ ತೂಗುಹಾಕುವ ಚಿತ್ರಗಳಂತೆಯೇ ನೋಡಿದ್ದೆ. ಅವು ಮನೆಯ ಸಾಮಾನುಗಳು ಎಂಬುದು ಮನಸ್ಸಿಗೆ ನಾಟಿದ್ದು ಆಯಿಯ ಆ ಮಾತಿನಿಂದ. ಮರೆಯೂ ಆಗಬೇಕು, ಬೇಕೆಂದಾಗ ಸರಿಯಲೂ ಬೇಕು. ಚೀನಾದವರು ಅದಕ್ಕೆ ಇಟ್ಟ ಹೆಸರು 'ಪಿಂಗ್‌ಫೆಂಗ್', ಗಾಳಿ ತಡೆಯುವಂಥದ್ದು. ಅದೇ ಅಕ್ಷರಗಳನ್ನು ಜಪಾನಿನಲ್ಲಿ 'ಬ್ಯೋಬು' ಎಂದು ಓದುತ್ತಾರೆ. ಪೋರ್ಚುಗೀಸರು ಆ ವಸ್ತುವನ್ನೂ ಹೆಸರನ್ನೂ ಕೊಂಡೊಯ್ದರು. ಅವರ ಭಾಷೆಯಲ್ಲಿ ಇಂದಿಗೂ ಅದು 'ಬಿಯೊಂಬೊ'. ನಮ್ಮ ಕರಾವಳಿಯ ಕಾಳುಮೆಣಸಿಗಾಗಿ ಹಾತೊರೆದ ಪೋರ್ಚುಗೀಸರೇ ಗೋವೆಯಿಂದ ಹಡಗು ಬಿಟ್ಟು ನಾಗಾಸಾಕಿಗೆ ಹೋಗುತ್ತಿದ್ದರು. ಅವರ ಹಡಗು, ದೊಗಳೆ ಷರಾಯಿ, ಉದ್ದ ಮೂಗುಗಳನ್ನು ಜಪಾನಿನ ಚಿತ್ರಕಾರರು ಚಿನ್ನದ ಹಾಳೆಯ ಹಿನ್ನೆಲೆಯ ಮೇಲೆ ಬರೆದ ತಟ್ಟಿಗಳಿಗೆ 'ನಾನ್‌ಬಾನ್' ತಟ್ಟಿಗಳೆಂದು ಹೆಸರು. ಕಾರವಾರದ ಪಕ್ಕದ ಬಂದರಿನಿಂದ ಹೊರಟವರು ಅಷ್ಟು ದೂರದ ಮನೆಗಳಲ್ಲಿ ಚಿತ್ರವಾಗಿ ನಿಂತಿದ್ದಾರೆ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮಾಡಿ ಮುಗಿಸಿ. ನಮ್ಮ ಕಡೆಯ ಮಳೆಗಾಲದಲ್ಲಿ ಅಂಟು ಒಣಗುವುದಿಲ್ಲ, ಒಣಗುವ ಮೊದಲೇ ಬೂಸು ಹಿಡಿಯುತ್ತದೆ.

ಅಳತೆಯನ್ನು ಅಂಗಡಿಯ ಮಾದರಿ ನೋಡಿ ಹಿಡಿಯಬೇಡಿ, ಒಳಗಿರುವ ವ್ಯಕ್ತಿಯನ್ನು ನೋಡಿ ಹಿಡಿಯಿರಿ. ನಾನು ಎತ್ತರವನ್ನು 54 ಇಂಚಿಗೆ ನಿಲ್ಲಿಸಿದೆ. ಬಾಗಿಲಲ್ಲಿ ನಿಂತವರಿಗೆ ಮಂಚದಲ್ಲಿ ಮಲಗಿದವಳು ಕಾಣುವುದಿಲ್ಲ. ಹತ್ತಿರ ಬಂದು ತಟ್ಟಿಯ ಮೇಲಿನಿಂದ "ಹೇಗಿದ್ದೀರಿ ಆಯಿ?" ಎಂದು ಬಗ್ಗಿದವರಿಗೆ ಮಾತ್ರ ಅವಳ ಮುಖ ಕಾಣುತ್ತದೆ, ಅವಳಿಗೂ ಅವರದು. ಆರು ಅಡಿ ಎತ್ತರ ಮಾಡಿದ್ದರೆ ಅದು ಅವಳು ಬೇಡವೆಂದ ಗೋಡೆಯೇ ಆಗುತ್ತಿತ್ತು. ಅಗಲ 20 ಇಂಚಿನಂತೆ ಮೂರು ಫಲಕ. ಚಪ್ಪಟೆಯಾಗಿ ಬಿಡಿಸಿದರೆ 60 ಇಂಚು, ಆದರೆ ಹಾಗೆ ಅದು ನಿಲ್ಲುವುದಿಲ್ಲ. ಫಲಕಗಳ ನಡುವೆ 120 ಡಿಗ್ರಿ ಕೋನ ಬಿಟ್ಟರೆ ಸುಮಾರು 52 ಇಂಚು ಮರೆಯಾಗುತ್ತದೆ, ನೆಲದ ಮೇಲೆ 10 ಇಂಚು ಆಳದ ಆಧಾರ ಸಿಗುತ್ತದೆ. 90 ಡಿಗ್ರಿಗೆ ತಂದರೆ ಮರೆ 42 ಇಂಚಿಗೆ ಇಳಿಯುತ್ತದೆ, ಆಧಾರ 14 ಇಂಚಿಗೆ ಏರುತ್ತದೆ. ಓಡಾಡುವ ಮೊಮ್ಮಕ್ಕಳಿರುವ ಮನೆಗೆ ಎರಡನೆಯದೇ ಸರಿ.

ಚೌಕಟ್ಟಿಗೆ ಒಂದು ಇಂಚು ದಪ್ಪ, ಒಂದೂವರೆ ಇಂಚು ಅಗಲದ ಚೆನ್ನಾಗಿ ಒಣಗಿದ ರೀಪು ಸಾಕು. ನನಗೆ ಹಳೆಯ ಕೊಟ್ಟಿಗೆ ಬಿಚ್ಚಿದಾಗ ಉಳಿದ ಹಲಸಿನ ಮರ ಸಿಕ್ಕಿತು. ಪ್ರತಿ ಫಲಕಕ್ಕೆ ಎರಡು ನಿಲುವು ಪಟ್ಟಿ, ಮೂರು ಅಡ್ಡಪಟ್ಟಿ. ಕೆಳಗಿನ ಅಡ್ಡಪಟ್ಟಿಯನ್ನು ನೆಲದಿಂದ ನಾಲ್ಕು ಇಂಚು ಮೇಲೆ ಕೂರಿಸಿದರೆ ನಿಲುವು ಪಟ್ಟಿಗಳ ತುದಿಗಳೇ ಕಾಲುಗಳಾಗುತ್ತವೆ. ಕಸಬರಿಗೆ ಅಡಿಯಲ್ಲಿ ಆಡುತ್ತದೆ, ಗಾಳಿಯೂ ಆಡುತ್ತದೆ, ನೆಲದ ತೇವ ಬಟ್ಟೆಗೆ ಏರುವುದಿಲ್ಲ. ಮೂಲೆಗಳಿಗೆ ಬರೀ ಮೊಳೆ ಹೊಡೆಯಬೇಡಿ. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ನಿಲುವು ಪಟ್ಟಿಯ ಗುಂಡಿಯಲ್ಲಿ ಕೂರಿಸಿ. ನಮ್ಮೂರಿನ ಆಚಾರಿಯವರು ಅರ್ಧ ದಿನದಲ್ಲಿ ಮೂರನ್ನೂ ಮುಗಿಸಿಕೊಟ್ಟರು.

ಬಟ್ಟೆಗೆ 36 ಇಂಚು ಅಗಲದ ಕೋರಾ ಬಟ್ಟೆ ಒಂಬತ್ತು ಮೀಟರ್. ಮೊದಲು ತೊಳೆದು ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿಬಿಡಲಿ. ಫಲಕಕ್ಕೆ ಎರಡು ಮುಖದಂತೆ 24 ಇಂಚು ಅಗಲ, 54 ಇಂಚು ಉದ್ದದ ಆರು ತುಂಡು ಕತ್ತರಿಸಿ. ಬದಿಯಲ್ಲಿ ಉಳಿಯುವ 12 ಇಂಚಿನ ಪಟ್ಟಿಗಳನ್ನು ಎಸೆಯಬೇಡಿ, ಕೀಲಿಗೆ ಅವೇ ಬೇಕು.

ಅಂಟು ಮೈದಾದ್ದು. ನೂರು ಗ್ರಾಂ ಮೈದಾವನ್ನು ಅರ್ಧ ಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಬಿಳುಪು ಹೋಗಿ ಗಾಜಿನಂತೆ ಹೊಳೆಯುವಾಗ ಇಳಿಸಿ. ಹುಳು ತಿನ್ನದಿರಲು ಒಂದು ಚಿಟಿಕೆ ಮೈಲುತುತ್ತ. ತೋಟದವರ ಮನೆಯಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆಂದು ತಂದದ್ದು ಇದ್ದೇ ಇರುತ್ತದೆ. ಅದು ವಿಷ ಎಂಬುದನ್ನು ಮರೆಯಬೇಡಿ: ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆಯಾಗಿ ಕರಗಿಸಿ, ಆರಿದ ಅಂಟನ್ನು ಅದೇ ಡಬ್ಬಿಗೆ ಸುರಿದು ಬೆರೆಸಿ, ಆ ಡಬ್ಬಿಯನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಒಂದೇ ಮುಖಕ್ಕೆ ಬಟ್ಟೆ ಅಂಟಿಸಿ ಇನ್ನೊಂದನ್ನು ನಾಳೆಗೆ ಬಿಟ್ಟರೆ ಚೌಕಟ್ಟು ರಾತ್ರಿಯೊಳಗೆ ಸೊಟ್ಟಗಾಗುತ್ತದೆ. ನನ್ನ ಮೊದಲ ಫಲಕಕ್ಕೆ ಹಾಗೇ ಆಯಿತು. ಬಟ್ಟೆ ಕಿತ್ತು ಮತ್ತೆ ಮಾಡಬೇಕಾಯಿತು. ಎರಡೂ ಮುಖಗಳನ್ನು ಒಂದೇ ದಿನ ಬಿಗಿಯಿರಿ.

ಇನ್ನು ಕೀಲು. ಇಡೀ ತಟ್ಟಿಯ ಜೀವ ಇರುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕಬ್ಬಿಣದ ಬಿಜಾಗರಿ ಕಡಲ ಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿಡುತ್ತದೆ. ಹಿತ್ತಾಳೆಯದು ಬಾಳುತ್ತದೆ, ಆದರೆ ಸಾಮಾನ್ಯ ಬಿಜಾಗರಿ ಒಂದೇ ಕಡೆಗೆ ಮಡಿಚುತ್ತದೆ, ನಡುವೆ ಸಂದನ್ನೂ ಬಿಡುತ್ತದೆ. ಜಪಾನಿನಲ್ಲಿ ಬಹಳ ಹಿಂದೆ ಪ್ರತಿ ಫಲಕಕ್ಕೂ ಬೇರೆ ಅಂಚು ಕಟ್ಟಿ, ದಾರ ಅಥವಾ ತೊಗಲಿನಿಂದ ಒಂದನ್ನೊಂದು ಬಿಗಿಯುತ್ತಿದ್ದರು. ಚಿತ್ರ ಫಲಕ ಫಲಕಕ್ಕೆ ತುಂಡಾಗುತ್ತಿತ್ತು. ಆಮೇಲೆ ಕಾಗದದ ಕೀಲು ಬಂತು. ಸಂದು ಮಾಯವಾಯಿತು, ಆರು ಫಲಕಗಳ ಉದ್ದಕ್ಕೂ ಒಂದೇ ನದಿ, ಒಂದೇ ಕಾಡು ಬರೆಯುವುದು ಸಾಧ್ಯವಾಯಿತು. ನಾವು ಕಾಗದದ ಬದಲು ಬಟ್ಟೆ ಬಳಸೋಣ.

ಉಳಿದ ಪಟ್ಟಿಗಳಲ್ಲಿ ಎರಡನ್ನು ಒಂದರ ಮೇಲೊಂದು ಅಂಟಿಸಿ ಒಣಗಿಸಿ. ಅದರಿಂದ ಏಳೂಮುಕ್ಕಾಲು ಇಂಚು ಎತ್ತರ, ಐದು ಇಂಚು ಅಗಲದ ಹನ್ನೆರಡು ತುಂಡು ಬರುತ್ತವೆ, ಕೀಲಿಗೆ ಆರರಂತೆ. ಎರಡು ಫಲಕಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಅಂಚಿನ ಮೇಲೆ ಎಂಟೆಂಟು ಇಂಚಿಗೆ ಗುರುತು ಹಾಕಿ. ಮೊದಲ ತುಂಡಿನ ಎರಡು ಇಂಚನ್ನು ಎಡ ಫಲಕದ ಮುಂಭಾಗಕ್ಕೆ ಅಂಟಿಸಿ, ನಡುವಿನ ಸಂದಿನಲ್ಲಿ ತೂರಿಸಿ, ಇನ್ನೊಂದು ತುದಿಯ ಎರಡು ಇಂಚನ್ನು ಬಲ ಫಲಕದ ಹಿಂಭಾಗಕ್ಕೆ ಅಂಟಿಸಿ. ಎರಡನೆಯ ತುಂಡು ಇದಕ್ಕೆ ತಿರುಗುಮುರುಗು: ಎಡದ ಹಿಂಭಾಗದಿಂದ ಹೊರಟು ಬಲದ ಮುಂಭಾಗಕ್ಕೆ. ಮೂರನೆಯದು ಮೊದಲಿನಂತೆ. ಹೀಗೆ ಆರೂ ಮುಗಿಯಲಿ. ಸಂದಿನೊಳಗೆ ಉಳಿಯುವ ನಡುವಿನ ಒಂದು ಇಂಚಿಗೆ ಅಂಟಿನ ಹನಿಯೂ ತಾಗಬಾರದು. ತಾಗಿದರೆ ಕೀಲು ಹಿಡಿದುಕೊಳ್ಳುತ್ತದೆ. ಸಂದಿಗೆ ಎಣ್ಣೆ ಸವರಿದ ಕಾಗದ ಇಟ್ಟು ಒಂದು ದಿನ ಬಿಡಿ. ಮರುದಿನ ಕಾಗದ ಎಳೆದು ಮಡಿಚಿ ನೋಡಿ. ಮುಂದಕ್ಕೆ ಮಡಿಚಿದರೆ ಮೊದಲನೆಯ ತುಂಡು ಬಲ ಫಲಕದ ಅಂಚನ್ನು ತಬ್ಬುತ್ತದೆ, ಎರಡನೆಯದು ಎಡದ ಅಂಚನ್ನು. ಹಿಂದಕ್ಕೆ ಮಡಿಚಿದರೆ ಇವೇ ಅದಲು ಬದಲು. ಬೆಳಕಿಗೆ ಹಿಡಿದರೂ ಕೂದಲೆಳೆಯಷ್ಟೇ ಸಂದು. ಆ ದಿನ ನಾನು ಅದನ್ನು ಹತ್ತಾರು ಸಲ ಮಡಿಚಿ ಬಿಡಿಸಿದೆ. ಆಯಿ ಮಂಚದಿಂದ ಕೈಚಾಚಿ, "ಕೊಡು ಇಲ್ಲಿ, ನಾನೂ ನೋಡುತ್ತೇನೆ" ಎಂದಳು.

ಬಣ್ಣಕ್ಕೆ ಮೊದಲು ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ತೆಳ್ಳಗೆ ಮಾಡಿದ ಬಿಳಿ ಅಂಟಿನಲ್ಲಿ ಕಲಸಿ ಎರಡು ಕೈ ಬಳಿಯಿರಿ. ಕೆಂಪಿಗೆ ನಮ್ಮ ಚಿರೆಕಲ್ಲಿನ ಕೆಮ್ಮಣ್ಣೇ ಸಾಕು: ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿದ ಕೆನೆಯಂಥ ಮಣ್ಣನ್ನು ಒಣಗಿಸಿ, ಗೋಂದಿನ ನೀರಿನಲ್ಲಿ ಅರೆಯಿರಿ. ಜಗಲಿಯ ಕಡೆಯ ಮುಖಕ್ಕೆ ನಮ್ಮ ದೇವಸ್ಥಾನಗಳ ಕಾವಿ ಕಲೆಯ ಬಳ್ಳಿ, ಹೂವುಗಳನ್ನು ಬರೆದೆ. ಗೋಡೆಯಲ್ಲಾದರೆ ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಮೊನೆಯಿಂದ ಗೀರಿ ಬಿಳುಪನ್ನು ಹೊರತರುತ್ತಾರೆ. ಬಟ್ಟೆಯ ಮೇಲೆ ಗೀರಿದರೆ ಹೊಪ್ಪಳೆ ಏಳುತ್ತದೆ, ಪರೀಕ್ಷಿಸಿ ನೋಡಿದ್ದೇನೆ. ಕುಂಚದಲ್ಲೇ ಬರೆಯಿರಿ.

ಮುಖ್ಯ ಚಿತ್ರ ಮಾತ್ರ ಮಂಚದ ಕಡೆಗೆ ಇರಲಿ. ಬಂದವರು ಎರಡು ನಿಮಿಷ ನೋಡುತ್ತಾರೆ. ಒಳಗಿರುವವರು ಇಡೀ ದಿನ ನೋಡುತ್ತಾರೆ. ಆಯಿಯ ತವರು ಅಘನಾಶಿನಿ ನದಿಯ ದಂಡೆಯಲ್ಲಿ. ಅಲ್ಲಿಯ ಗಜನಿ ಗದ್ದೆ (ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆ), ಉಪ್ಪುನೀರಿನಲ್ಲಿ ನಿಂತ ಕಗ್ಗ ಭತ್ತ, ಬೆಳ್ಳಕ್ಕಿ, ದೋಣಿ ಇಷ್ಟನ್ನು ಬರೆಯಬೇಕೆಂದಿದ್ದೆ. ಕಾಗದದ ಮೇಲಿನ ನಕ್ಷೆಯಲ್ಲಿ ದೋಣಿಯನ್ನು ಒಂದನೆಯ ಮತ್ತು ಎರಡನೆಯ ಫಲಕಗಳ ನಡುವೆ ಇಟ್ಟಿದ್ದೆ, ಚಂದ ಕಾಣುತ್ತಿತ್ತು. ಆ ಕಾಗದವನ್ನು ತಟ್ಟಿಗೆ ಸಿಕ್ಕಿಸಿ ನಿಲ್ಲಿಸಿದಾಗ ಆ ಮಡಿಕೆ ನೋಡುವವರ ಕಡೆಗೆ ಉಬ್ಬಿ ಬಂತು, ದೋಣಿ ನಡು ಮುರಿದು ಎರಡು ದಿಕ್ಕಿಗೆ ಹೋಯಿತು. ಆದ್ದರಿಂದ ನಕ್ಷೆಯನ್ನು ಚಪ್ಪಟೆ ಮೇಜಿನ ಮೇಲೆ ತೀರ್ಮಾನಿಸಬೇಡಿ. ಒಂದು ರಟ್ಟನ್ನು ಮೂರಾಗಿ ಮಡಿಚಿ ನಿಲ್ಲಿಸಿ, ಅದರ ಮೇಲೆ ಬರೆಯಿರಿ. ಉಬ್ಬುವ ಮಡಿಕೆಯ ಮೇಲೆ ದೇಹವಿರುವ ಯಾವುದನ್ನೂ ಇಡಬೇಡಿ; ನೀರು, ಮಂಜು, ಗದ್ದೆಯ ಹಸಿರು ಹರಿದುಹೋಗಲಿ. ಒಳಕ್ಕೆ ಸರಿಯುವ ಮಡಿಕೆಯಲ್ಲಿ ಎರಡು ಫಲಕಗಳು ತೆರೆದ ಪುಸ್ತಕದಂತೆ ಎದುರುಬದುರಾಗುತ್ತವೆ. ಅಲ್ಲಿ ಆಚೆಗೊಂದು ಈಚೆಗೊಂದು ಬೆಳ್ಳಕ್ಕಿ ಬರೆದೆ, ಅವು ಒಂದನ್ನೊಂದು ನೋಡುತ್ತಿವೆ. ಅವುಗಳ ನಡುವೆ ನದಿ ಒಳಸರಿದು ತಿರುಗುತ್ತದೆ. ತಟ್ಟಿಯ ಕೋನ ಬದಲಿಸಿದರೆ ನದಿಯ ತಿರುವೂ ಬದಲಾಗುತ್ತದೆ. ದೋಣಿ ಈಗ ಮೊದಲ ಫಲಕದಲ್ಲಿ ಇಡಿಯಾಗಿದೆ.

ಜಾಗ ತುಂಬಬೇಕೆಂಬ ಆಸೆಯನ್ನು ತಡೆದುಕೊಳ್ಳಿ. ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಹಸೆಗಾವಾ ತೋಹಾಕು ಹದಿನಾರನೆಯ ಶತಮಾನದ ಕೊನೆಯಲ್ಲಿ ಬರೆದ ಪೈನ್ ಮರಗಳ ಜೋಡಿ ತಟ್ಟಿ ಇದೆ. ಬರೀ ಮಸಿ, ನಾಲ್ಕಾರು ಗುಂಪು ಮರ, ಉಳಿದದ್ದೆಲ್ಲ ಖಾಲಿ. ಆ ಖಾಲಿಯೇ ಮಂಜು. ನನ್ನ ಬೆಳ್ಳಕ್ಕಿಗಳಿಗೂ ಬಣ್ಣವಿಲ್ಲ. ಸುತ್ತ ಹಸಿರು ಬಳಿದು ಬಿಳಿಯ ತಳವನ್ನೇ ಹಕ್ಕಿಯಾಗಿ ಬಿಟ್ಟಿದ್ದೇನೆ.

ಮಳೆಗಾಲದಲ್ಲಿ ತಟ್ಟಿಯನ್ನು ಗೋಡೆಗೆ ತಾಗಿಸಬೇಡಿ, ಮೂರು ಇಂಚು ಬಿಡಿ. ಮಡಿಚಿ ಮೂಲೆಗೆ ಇಡುವುದಾದರೆ ವಾರಕ್ಕೊಮ್ಮೆ ಬಿಡಿಸಿ ಗಾಳಿಗೆ ನಿಲ್ಲಿಸಿ. ನೇರ ಬಿಸಿಲು ಬೇಡ.

ಕೀಲಿಗೆ ಬಿಳಿ ಅಂಟು ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ಗಟ್ಟಿ ನಿಲ್ಲುತ್ತದೆ, ನಿಜ. ಆದರೆ ದಿನವೂ ಮಡಿಚುವ ಬಟ್ಟೆ ಒಂದಲ್ಲ ಒಂದು ದಿನ ಸವೆಯಲೇಬೇಕು, ಆಗ ಅದನ್ನು ಕಿತ್ತರೆ ಚಿತ್ರದ ಬಟ್ಟೆಯೂ ಕಿತ್ತು ಬರುತ್ತದೆ. ಮೈದಾದ ಅಂಟು ಹಾಗಲ್ಲ. ಮೂರನೆಯ ವರ್ಷ ನಮ್ಮ ತಟ್ಟಿಯ ಒಂದು ಪಟ್ಟಿ ನಡುವೆ ಹರಿಯಿತು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಒತ್ತಿಟ್ಟೆ, ಪಟ್ಟಿ ತಾನಾಗಿ ಬಿಟ್ಟುಕೊಂಡಿತು. ಹೊಸದಕ್ಕೆ ಕೋರಾ ಬಟ್ಟೆ ಉಳಿದಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ್ದ ಆ ಹಳೆಯ ಸೀರೆಯ ಸೆರಗಿನಿಂದ ಐದು ಇಂಚು ಕತ್ತರಿಸಲು ಆಯಿಯೇ ಹೇಳಿದಳು. ಮೇಲಿನಿಂದ ನಾಲ್ಕನೆಯ ಪಟ್ಟಿ ಅದೇ, ಬೆಳ್ಳಕ್ಕಿಯ ಕಾಲಿನ ಪಕ್ಕದಲ್ಲಿ.